ಟಿವಿಯಲ್ಲಿ ನೋಡಿದ ‘ಮೊದಲ ಸಲ’ವನ್ನು ಮುಂಬಯಿ ಬೀದಿಗೆ ಇಳಿಸುವುದು ಹೇಗೆ?

ಮಕ್ಕಳ ಟಿವಿ ಸರಣಿಗಳಲ್ಲಿ ಒಂದು ಬಗೆ ಇದೆ. ರಾಕ್ಷಸರಿಲ್ಲ, ಜಾದೂ ಇಲ್ಲ, ಹೊಡೆದಾಟ ಇಲ್ಲ. ಒಂದು ಮಗು, ಒಂದು ಹೊಸ ಕೆಲಸ, ಅಷ್ಟೇ. ಇವತ್ತು ಹಲ್ಲಿನ ಡಾಕ್ಟರ್ ಹತ್ತಿರ ಹೋಗುತ್ತದೆ, ನಾಳೆ ಈಜುಕೊಳಕ್ಕೆ ಇಳಿಯುತ್ತದೆ, ನಾಳಿದ್ದು ಒಬ್ಬನೇ ಅಂಗಡಿಗೆ ಹೊರಡುತ್ತದೆ. ಪೆಪ್ಪಾ ಪಿಗ್ ನಿಮ್ಮ ಮನೆಯಲ್ಲೂ ಓಡುತ್ತಿರಬಹುದು. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಸರಣಿ ಅದು, ಒಂದು ಕಂತು ಐದೇ ನಿಮಿಷ. ಅದೇ ದೇಶದ ಟಾಪ್ಸಿ ಅಂಡ್ ಟಿಮ್ 2013ರಲ್ಲಿ ಬಿಬಿಸಿಯ ಮಕ್ಕಳ ಚಾನೆಲ್‌ನಲ್ಲಿ ಬಂತು. ಅದರಲ್ಲಿ ಅವಳಿ ಮಕ್ಕಳು ಮನೆ ಬದಲಿಸುತ್ತಾರೆ, ಶಾಲೆಗೆ ಸೇರುತ್ತಾರೆ, ಹೀಗೆ ಎಲ್ಲ ಮನೆಯಲ್ಲೂ ನಡೆಯುವ ಸಂಗತಿಗಳೇ ಕಥೆ.

ಇವು ಒಳ್ಳೆಯ ಸರಣಿಗಳು. ನನಗೆ ಇವುಗಳ ಮೇಲೆ ನಿಜವಾದ ಪ್ರೀತಿ ಇದೆ. ಆದರೆ ಮಗು ಸೋಫಾ ಮೇಲೆ ಕೂತು ನೋಡಿ ಎದ್ದರೆ ಅರ್ಧ ಕೆಲಸ ಮಾತ್ರ ಆಯಿತು. ಇನ್ನರ್ಧ ಬಿಲ್ಡಿಂಗ್ ಕೆಳಗಿನ ಅಂಗಡಿಯಲ್ಲಿ, ಲೋಕಲ್ ಟ್ರೇನಿನಲ್ಲಿ, ಸಮುದ್ರದ ದಂಡೆಯಲ್ಲಿ ಆಗಬೇಕು. ಮುಂಬಯಿಯಲ್ಲಿರುವ ನಮ್ಮಂಥ ಕನ್ನಡದ ಮನೆಗಳಲ್ಲಿ ಅದನ್ನು ಹೇಗೆ ಮಾಡಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಮೂರರಿಂದ ಏಳು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ನೋಡುವ ವಿಷಯ

ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಐದು ನಿಮಿಷದ ಕಂತು ಒಂದು ಅಥವಾ ಎರಡು ಸಾಕು. ಮುಂದಿನ ಕಂತು ತಾನಾಗಿಯೇ ಶುರುವಾಗುವ ಸೆಟ್ಟಿಂಗ್ ಇರುತ್ತಲ್ಲ, ಅದನ್ನು ಮೊದಲು ಬಂದ್ ಮಾಡಿ. ಒಂದು ಹೊಸ ಅನುಭವ ತಲೆಗೆ ಇಳಿಯುವ ಮೊದಲೇ ಇನ್ನೊಂದು ಬಂದು ಕೂತರೆ ಮಗುವಿನ ಬಾಯಲ್ಲಿ ಪ್ರಶ್ನೆಯೇ ಹುಟ್ಟುವುದಿಲ್ಲ.

ಅದೇ ಕಂತನ್ನು ಮತ್ತೆ ಮತ್ತೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಹಾಕಿ. 1996ರಲ್ಲಿ ಅಮೆರಿಕದಲ್ಲಿ ಬ್ಲೂಸ್ ಕ್ಲೂಸ್ ಅಂತ ಒಂದು ಸರಣಿ ಶುರುವಾದಾಗ, ಒಂದೇ ಕಂತನ್ನು ವಾರದಲ್ಲಿ ಐದು ದಿನ ಬೇಕೆಂದೇ ತೋರಿಸುತ್ತಿದ್ದರು. ಮೊದಲ ದಿನ ಸುಮ್ನೆ ನೋಡುತ್ತಿದ್ದ ಮಕ್ಕಳು ದಿನ ಕಳೆದಂತೆ ಟಿವಿಗೇ ಉತ್ತರ ಹೇಳಲು ಶುರು ಮಾಡುತ್ತಿದ್ದರು. ಮಕ್ಕಳಿಗೆ ಮುಂದೆ ಏನಾಗುತ್ತದೆ ಅಂತ ಗೊತ್ತಿರುವುದೇ ಒಂದು ಧೈರ್ಯ.

ಪಕ್ಕದಲ್ಲಿ ನೀವು ಕೂರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಡೇನಿಯಲ್ ಟೈಗರ್ಸ್ ನೈಬರ್‌ಹುಡ್ ಅಂತ 2012ರಲ್ಲಿ ಅಮೆರಿಕದಲ್ಲಿ ಶುರುವಾದ ಸರಣಿ ಇದೆ. ಒಂದು ಪುಟ್ಟ ಹುಲಿಮರಿ ಹೊಸ ಹೊಸ ಸಂಗತಿಗಳನ್ನು ಎದುರಿಸುತ್ತದೆ. ಅದನ್ನು ನೋಡುವ ಮಕ್ಕಳ ಬಗ್ಗೆ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದವರು ಮಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಟಿವಿಯಲ್ಲಿ ನೋಡಿದ್ದರ ಬಗ್ಗೆ ಅಪ್ಪ ಅಮ್ಮ ಆಗಾಗ ಮಾತಾಡುತ್ತಿದ್ದ ಮಕ್ಕಳಿಗೆ ಸರಣಿಯಿಂದ ಲಾಭ ಆಯಿತು, ಮಾತುಕತೆ ಇಲ್ಲದ ಮನೆಯ ಮಕ್ಕಳಿಗೆ ಅಂಥ ಲಾಭ ಕಾಣಲಿಲ್ಲ. ಇಲ್ಲಿ ನಮಗೆ ಇನ್ನೊಂದು ಅನುಕೂಲವೂ ಇದೆ. ಸರಣಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಮಗು ಒಂದು ಸಲ ಹಾಗೇ ನೋಡಲಿ. ಎರಡನೇ ಸಲ ಸೌಂಡ್ ಪೂರ್ತಿ ಮ್ಯೂಟ್ ಮಾಡಿ ಕಥೆಯನ್ನು ನೀವು ಕನ್ನಡದಲ್ಲಿ ಹೇಳಿ. ಕುಂದಾಪುರದ ಕನ್ನಡವೋ ಧಾರವಾಡದ ಕನ್ನಡವೋ, ಮನೆಯಲ್ಲಿ ಯಾವುದು ಇದೆಯೋ ಅದರಲ್ಲೇ. ಮಗು ಹೆದರಿಕೊಂಡ ದೃಶ್ಯ ಬಂದಾಗ ಅಲ್ಲೇ ನಿಲ್ಲಿಸಿ, ‘ಈಗ ಇದಕ್ಕೆ ಹೊಟ್ಟೆಯಲ್ಲಿ ಹೇಗಾಗ್ತಿರಬಹುದು?’ ಅಂತ ಕೇಳಿ. ಉತ್ತರ ಬರದಿದ್ದರೂ ಪರವಾಗಿಲ್ಲ. ಆಮೇಲೆ ಯಾವಾಗಲೋ ಊಟದ ಹೊತ್ತಿಗೆ ಬರುತ್ತದೆ.

ಸರಣಿಯಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು

ಜಪಾನಿನ ನಿಪ್ಪೋನ್ ಟಿವಿಯಲ್ಲಿ 1991ರಿಂದ ಬರುತ್ತಿರುವ ಒಂದು ಕಾರ್ಯಕ್ರಮ ಇದೆ. 2022ರಲ್ಲಿ ಓಲ್ಡ್ ಇನಫ್ ಅನ್ನುವ ಹೆಸರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಪುಟ್ಟ ಮಕ್ಕಳನ್ನು ಮೊದಲ ಸಲ ಒಬ್ಬೊಬ್ಬರನ್ನೇ ಏನಾದರೂ ತರಲು ಕಳಿಸುತ್ತಾರೆ. ನೆಟ್‌ಫ್ಲಿಕ್ಸ್‌ನ ಮೊದಲ ಕಂತಿನಲ್ಲಿ ಎರಡು ವರ್ಷ ಒಂಬತ್ತು ತಿಂಗಳ ಹುಡುಗ ಕೈಯಲ್ಲಿ ಹಳದಿ ಬಾವುಟ ಹಿಡಿದು, ರಸ್ತೆ ದಾಟಿ, ಸುಮಾರು ಒಂದು ಕಿಲೋಮೀಟರ್ ದೂರದ ಅಂಗಡಿಗೆ ನಡೆದು ಹೋಗುತ್ತಾನೆ. ನೋಡುವಾಗ ಎದೆ ಢವಢವ ಅನ್ನುತ್ತದೆ. ಆದರೆ ಪರದೆಯ ಹಿಂದೆ ನಡೆಯುವುದನ್ನೂ ಗಮನಿಸಬೇಕು. ಹೋಗುವ ದಾರಿಯನ್ನು ಮೊದಲೇ ಪರೀಕ್ಷೆ ಮಾಡಿರುತ್ತಾರೆ. ಅಕ್ಕಪಕ್ಕದವರಿಗೆ ಹೇಳಿರುತ್ತಾರೆ. ಕ್ಯಾಮೆರಾದವರು ಊರಿನವರ ಹಾಗೆ ವೇಷ ಹಾಕಿ ಉದ್ದಕ್ಕೂ ಹಿಂದೆ ಮುಂದೆ ಇರುತ್ತಾರೆ.

ನಾವು ತೆಗೆದುಕೊಳ್ಳಬೇಕಾದದ್ದು ಆ ತಯಾರಿಯನ್ನು. ಆ ವಯಸ್ಸನ್ನೂ ಅಲ್ಲ, ಆ ರಸ್ತೆಯನ್ನೂ ಅಲ್ಲ. ಅಡ್ಡಾದಿಡ್ಡಿ ಬೈಕು, ಫುಟ್‌ಪಾತಿನ ಮೇಲೆ ಗಾಡಿ, ಎಲ್ಲಿ ನೋಡಿದರೂ ಅಗೆದ ರಸ್ತೆ ಇರುವ ನಮ್ಮ ಊರಿನಲ್ಲಿ ಈ ವಯಸ್ಸಿನ ಮಗು ಒಬ್ಬನೇ ರಸ್ತೆ ದಾಟುವ ಮಾತೇ ಇಲ್ಲ. ಸೊಸೈಟಿ ಗೇಟಿನ ಒಳಗೆ ಮಗು ಮುಂದೆ, ನೀವು ಹತ್ತು ಹೆಜ್ಜೆ ಹಿಂದೆ. ಗೇಟಿನ ಹೊರಗೆ ಕೈ ಹಿಡಿದೇ ಹೋಗಿ, ಅಂಗಡಿ ಮುಂದೆ ನಿಂತ ಮೇಲೆ ಕೈ ಬಿಡಿ. ಮಾತು ಮಗುವಿನದು, ದುಡ್ಡು ಮಗುವಿನ ಕೈಯಿಂದ, ಚೀಲ ಮಗುವಿನ ಹೆಗಲ ಮೇಲೆ. ಅಷ್ಟಾದರೆ ಸಾಕು, ಅದು ಮಗುವಿನದೇ ಕೆಲಸ.

ಮೊದಲ ಖರೀದಿಗೆ ಪಾವ್ ಒಳ್ಳೆಯದು. ಬೆಲೆ ಗೊತ್ತಿರುತ್ತದೆ, ಆರಿಸುವ ಗೋಜಿಲ್ಲ, ಬಿದ್ದರೂ ಒಡೆಯುವುದಿಲ್ಲ. ಎರಡನೆಯದು ಕೊತ್ತಂಬರಿ ಸೊಪ್ಪು. ‘ಕಾಕಾ, ದಹಾ ರೂಪಯಾಂಚಿ ಕೋಥಿಂಬೀರ್ ದ್ಯಾ’ ಅಂತ ಮರಾಠಿಯಲ್ಲಿ ಕೇಳುವ ಆ ಒಂದು ಸಾಲನ್ನು ಮನೆಯಲ್ಲೇ ಆಟ ಆಡಿ ಕಲಿಸಿ. ಅಜ್ಜಿ ಅಂಗಡಿಯವಳಾಗಲಿ, ಮಗು ಗಿರಾಕಿ. ಆಮೇಲೆ ಅದಲುಬದಲು ಮಾಡಿ. ಅಂಗಡಿಯವರಿಗೆ ನೀವು ಹಿಂದಿನ ದಿನವೇ ಹೋಗಿ, ‘ನಾಳೆ ನಮ್ಮ ಮಗು ತಾನೇ ಕೇಳುತ್ತದೆ, ಸ್ವಲ್ಪ ನಿಂತು ಕೇಳಿಸಿಕೊಳ್ಳಿ’ ಅಂತ ಹೇಳಿಟ್ಟು ಬನ್ನಿ. ಜನ ಇದಕ್ಕೆ ಬಹಳ ಖುಷಿಯಿಂದ ಒಪ್ಪುತ್ತಾರೆ. ಸಂಜೆ ಏಳು ಗಂಟೆಯ ರಶ್‌ನಲ್ಲಿ ಮಾತ್ರ ಹೋಗಬೇಡಿ, ಮಧ್ಯಾಹ್ನ ನಾಲ್ಕರ ಸುಮಾರಿಗೆ ಅಂಗಡಿ ಖಾಲಿ ಇರುತ್ತದೆ. ಕರಾವಳಿ ಕಡೆಯ ಮಾತು ಮನೆಯಲ್ಲಿದ್ದರೆ ಮಾಟುಂಗಾದ ಅಂಗಡಿ ಸಾಲಿನಲ್ಲಿ ಶುರು ಮಾಡಬಹುದು. ಕಿಂಗ್ಸ್ ಸರ್ಕಲ್ ಸುತ್ತಮುತ್ತ ಹೂವು, ಬಾಳೆಎಲೆ, ಹಪ್ಪಳ ಮಾರುವಲ್ಲಿ ಮಗು ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೂ ಉತ್ತರ ಸಿಗುವ ಅಂಗಡಿಗಳಿವೆ. ಅಲ್ಲೇ ಸ್ಟೇಷನ್ ಪಕ್ಕದಲ್ಲಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬಾಳೆಎಲೆಯಲ್ಲಿ ಮೊದಲ ಊಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಲೋಕಲ್ ಟ್ರೇನು

ಮುಂಬಯಿ ಮಗುವಿಗೆ ಇದು ದೊಡ್ಡ ‘ಮೊದಲ ಸಲ’. ಬಹಳ ಮಕ್ಕಳು ಮಡಿಲಲ್ಲಿ ಕೂತು, ಕಂಕುಳಲ್ಲಿ ತೂಗಿಕೊಂಡು ಎಷ್ಟೋ ಸಲ ಹೋಗಿರುತ್ತವೆ. ಅದು ಲೆಕ್ಕಕ್ಕಿಲ್ಲ. ತಾನೇ ಪ್ರಯಾಣ ಮಾಡುತ್ತಿದ್ದೇನೆ ಅಂತ ಮಗುವಿಗೆ ಅನಿಸಬೇಕು.

ಇದರಲ್ಲಿ ಕಷ್ಟದ ಜಾಗ ಯಾವುದು ಅಂದರೆ ಹತ್ತುವುದು ಮತ್ತು ಇಳಿಯುವುದು. ನಡುವಿನ ಸ್ಟೇಷನ್‌ಗಳಲ್ಲಿ ಟ್ರೇನು ಅರ್ಧ ನಿಮಿಷ ನಿಂತರೆ ಹೆಚ್ಚು. ಅದಕ್ಕೇ ಕೊನೆಯ ಸ್ಟೇಷನ್‌ಗೆ ಹೋಗುವ ಪ್ರಯಾಣ ಆರಿಸಿಕೊಳ್ಳಿ. ವಿಟಿ (ಈಗಿನ ಸಿಎಸ್‌ಎಂಟಿ) ಅಥವಾ ಚರ್ಚ್‌ಗೇಟ್. ಅಲ್ಲಿ ಎಲ್ಲರೂ ಇಳಿದ ಮೇಲೆ ನಿಧಾನವಾಗಿ ಇಳಿಯಬಹುದು, ವಾಪಸ್ ಬರುವಾಗ ಖಾಲಿ ನಿಂತ ಟ್ರೇನನ್ನು ಆರಾಮಾಗಿ ಹತ್ತಿ ಕಿಟಕಿ ಸೀಟು ಹಿಡಿಯಬಹುದು. ಡೊಂಬಿವಲಿಯಲ್ಲೋ ಬದ್ಲಾಪುರದಲ್ಲೋ ಇದ್ದು ಅಷ್ಟು ದೂರ ಬೇಡ ಅನಿಸಿದರೆ ಠಾಣೆ, ಕಲ್ಯಾಣ್‌ಗಳಲ್ಲಿ ಕೊನೆಯಾಗುವ ಲೋಕಲ್‌ಗಳೂ ಇವೆ. ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುವ ಸ್ಲೋ ಟ್ರೇನೇ ಇರಲಿ. ಇಂಡಿಕೇಟರ್ ಮೇಲೆ ಸ್ಲೋ ಯಾವುದು, ಫಾಸ್ಟ್ ಯಾವುದು ಅಂತ ಗುರುತಿಸುವ ಕೆಲಸ ಮಗುವಿಗೇ ಕೊಡಿ, ಅಕ್ಷರ ಓದಲು ಬಾರದಿದ್ದರೂ S ಅಥವಾ F ಅನ್ನುವ ಆ ಒಂದು ಅಕ್ಷರದ ಆಕಾರ ನೆನಪಿಟ್ಟುಕೊಳ್ಳುತ್ತವೆ ಮಕ್ಕಳು. ಭಾನುವಾರ ಹೊರಡುವುದಾದರೆ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ಟ್ರೇನು ನಿಲ್ಲಿಸುವುದು, ಎಲ್ಲಿದೆ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಇಲ್ಲದಿದ್ದರೆ ಪ್ಲಾಟ್‌ಫಾರ್ಮ್ ಮೇಲೆ ಕಾದು ಕಾದು ಮಗುವಿನ ಉತ್ಸಾಹ ಅಲ್ಲೇ ಇಳಿದುಹೋಗುತ್ತದೆ. ನನ್ನ ಪ್ರಕಾರ ಶನಿವಾರ ಹನ್ನೊಂದರ ಮೇಲೆ ಹೊರಡುವುದು ಎಲ್ಲಕ್ಕಿಂತ ಒಳ್ಳೆಯದು.

ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಐದರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್. ಮೊಬೈಲಿನಲ್ಲಿ ತೆಗೆಯುವುದು ಸುಲಭ ನಿಜ, ಆದರೆ ಈ ಒಂದು ಸಲ ಕೌಂಟರಿನಲ್ಲಿ ಕಾಗದದ ಟಿಕೆಟ್ ತೆಗೆದುಕೊಂಡು ಮಗುವಿನ ಕಿಸೆಯಲ್ಲಿಡಿ. ಅದನ್ನು ಕಾಯುವುದು ಒಂದು ಜವಾಬ್ದಾರಿ. ಒಳಗೆ ಕೂತ ಮೇಲೆ ನೀವು ಮಾತು ಕಡಿಮೆ ಮಾಡಿ. ಮುಂದಿನ ಸ್ಟೇಷನ್ ಯಾವುದು ಅಂತ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳುತ್ತಾರಲ್ಲ, ಮಗು ಅದನ್ನು ಕೇಳಿ ನಿಮಗೆ ಕನ್ನಡದಲ್ಲಿ ಹೇಳಲಿ. ವಿಟಿಯಲ್ಲಿ ಇಳಿದ ಮೇಲೆ ತಕ್ಷಣ ಹೊರಗೆ ಓಡಬೇಡಿ. ಪ್ಲಾಟ್‌ಫಾರ್ಮಿನ ತುದಿಗೆ ಕರೆದುಕೊಂಡು ಹೋಗಿ ಹಳಿ ಮುಗಿಯುವ ಜಾಗ ತೋರಿಸಿ. ಅಲ್ಲಿ ಟ್ರೇನನ್ನು ತಡೆಯಲು ಕಟ್ಟಿದ ಅಡ್ಡೆ ಇದೆ, ಅದರಾಚೆ ಜನ ನಡೆದಾಡುತ್ತಿರುತ್ತಾರೆ. ಹಳಿ ಅಂದರೆ ಮುಗಿಯದೇ ಹೋಗುತ್ತಿರುವುದು ಅಂದುಕೊಂಡ ಮಗುವಿಗೆ ಅದು ದೊಡ್ಡ ಆಶ್ಚರ್ಯ, ಬಿಟ್ಟು ಬರಲು ಒಪ್ಪುವುದಿಲ್ಲ. ನಿಲ್ಲಲಿ ಬಿಡಿ.

ನೀರು

ಮೊದಲ ದೋಣಿ ಪ್ರಯಾಣಕ್ಕೆ ಗೇಟ್‌ವೇಯಿಂದ ಎಲಿಫೆಂಟಾ ಅಂತ ಎಲ್ಲರೂ ಹೇಳುತ್ತಾರೆ. ಒಂದು ಕಡೆಗೆ ಸುಮಾರು ಒಂದು ಗಂಟೆ ಬೇಕು, ಹೊಟ್ಟೆ ತೊಳಸಿದರೆ ನಡುವೆ ಇಳಿಯುವ ಹಾಗಿಲ್ಲ. ಅದರ ಬದಲು ಮಲಾಡಿನ ಮಾರ್ವೆಯಿಂದ ಮನೋರಿಗೆ ಫೆರ್ರಿಯಲ್ಲಿ ಹೋಗಿ. ಕೆಲವೇ ನಿಮಿಷದಲ್ಲಿ ಆಚೆ ದಡ. ಇಷ್ಟವಾದರೆ ಇನ್ನೊಂದು ಸಲ, ಇಲ್ಲದಿದ್ದರೆ ಅಷ್ಟಕ್ಕೇ ಸಾಕು. ಯಾವ ದೋಣಿಯಾದರೂ ಲೈಫ್ ಜಾಕೆಟ್ ಹಾಕಿಸದೆ ಹತ್ತಿಸಬೇಡಿ.

ಜುಹು, ಗಿರಗಾಂವ್ ಚೌಪಾಟಿಗೆ ಹೋಗುವಾಗ ಭರತ ಇಳಿತದ ಹೊತ್ತು ನೋಡಿಕೊಂಡು ಹೋಗಿ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಮತ್ತು ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಿರುತ್ತದೆ. ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ಅಲುಗಾಡದೆ ನೋಡಿದರೆ, ಸತ್ತ ಶಂಖ ಅಂದುಕೊಂಡದ್ದು ಕಾಲು ಹೊರಗೆ ಹಾಕಿ ನಡೆಯಲು ಶುರು ಮಾಡುತ್ತದೆ. ಅದರೊಳಗೆ ಸನ್ಯಾಸಿ ಏಡಿ ಮನೆ ಮಾಡಿಕೊಂಡಿರುತ್ತದೆ. ಮುಟ್ಟುವುದು ಬೇಡ, ಎತ್ತಿ ಮನೆಗೆ ತರುವುದಂತೂ ಬೇಡವೇ ಬೇಡ. ಮಳೆಗಾಲದಲ್ಲಿ ದಡದ ಮೇಲೆ ನೀಲಿ ಬಲೂನಿನಂಥದ್ದು ಬಿದ್ದಿರುತ್ತದೆ, ಬ್ಲೂಬಾಟಲ್ ಅನ್ನುತ್ತಾರೆ. ಸತ್ತ ಹಾಗೆ ಕಂಡರೂ ಕುಟುಕುತ್ತದೆ. ಮಕ್ಕಳು ಅದನ್ನೇ ಮೊದಲು ಹಿಡಿಯಲು ಓಡುವುದು, ಹಾಗಾಗಿ ಮನೆಯಲ್ಲೇ ಚಿತ್ರ ತೋರಿಸಿ ಹೇಳಿಡಿ.

ಮೊದಲ ಯಕ್ಷಗಾನ

ಇದು ಯಾವ ವಿದೇಶಿ ಸರಣಿಯಲ್ಲೂ ಸಿಗುವುದಿಲ್ಲ. ಆದರೆ ಆ ಸರಣಿಗಳ ವಿಧಾನ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಅವರು ಹಲ್ಲಿನ ಡಾಕ್ಟರರ ಕುರ್ಚಿಯನ್ನು ಏರಿಸಿ ಇಳಿಸಿ ತೋರಿಸುತ್ತಾರೆ, ಕನ್ನಡಿ ತೋರಿಸುತ್ತಾರೆ, ಆಮೇಲೆ ಬಾಯಿ ತೆರೆಯಲು ಹೇಳುತ್ತಾರೆ. ಹೆದರಿಸುವ ವಸ್ತುವನ್ನು ಮೊದಲು ಹತ್ತಿರದಿಂದ, ಸುಮ್ಮನಿರುವಾಗ ತೋರಿಸಬೇಕು. ಯಕ್ಷಗಾನದಲ್ಲಿ ಮಕ್ಕಳನ್ನು ಅಳಿಸುವುದು ಎರಡು. ಒಂದು ಚಂಡೆ, ಇನ್ನೊಂದು ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ.

ಮಾಟುಂಗಾದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಸಭಾಂಗಣ ಇದೆ, ಮಾಹಿಮ್ ಕಡೆಗೆ ಕರ್ನಾಟಕ ಸಂಘ ಇದೆ. ಊರಿನ ಮೇಳಗಳು, ಇಲ್ಲಿನ ಮಂಡಳಿಗಳು ಆಟ ಆಡುವಾಗ ಗೊತ್ತು ಮಾಡಿಕೊಂಡು, ಶುರುವಾಗುವ ಬಹಳ ಮುಂಚೆಯೇ ಹೋಗಿ. ಅನುಮತಿ ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ಮಗುವನ್ನು ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗಿ ಒಂದು ಮೂಲೆಯಲ್ಲಿ ಕೂರಿಸಿ. ಅಲ್ಲಿ ಗಣಪತಿ ಇಟ್ಟಿರುತ್ತಾರೆ, ಮೊದಲು ನಮಸ್ಕಾರ ಮಾಡಿಸಿ. ಬಣ್ಣದ ವೇಷದವರು ಎಲ್ಲರಿಗಿಂತ ಮೊದಲೇ ಕನ್ನಡಿ ಹಿಡಿದು ಕೂತಿರುತ್ತಾರೆ. ಅಕ್ಕಿಹಿಟ್ಟು ಸುಣ್ಣ ಕಲಸಿದ ಬಿಳಿ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಹೋಗುತ್ತಾರೆ. ಅದಕ್ಕೆ ಚಿಟ್ಟಿ ಇಡುವುದು ಅನ್ನುತ್ತಾರೆ. ಒಂದು ಚುಕ್ಕಿಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಮುಳ್ಳಿನ ಹಾಗೆ ಎದ್ದು ನಿಲ್ಲುವವರೆಗೆ. ನನ್ನ ತಂಗಿಯ ಮಗಳು, ಮಿಕ್ಸರ್ ಸದ್ದಿಗೂ ಕಿವಿ ಮುಚ್ಚಿಕೊಳ್ಳುವವಳು, ಆ ಚುಕ್ಕಿಗಳನ್ನು ನೋಡುತ್ತಾ ಕೂತವಳು ಏಳಲೇ ಇಲ್ಲ. ವೇಷದವರು ಮಾತಾಡಿದರೆ ಚಿಟ್ಟಿ ಬಿರುಕು ಬಿಡುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಇವಳೂ ತುಟಿ ಬಿಗಿದು ಕೂತಿದ್ದಳು. ಆಮೇಲೆ ರಾಕ್ಷಸ ಅಬ್ಬರಿಸುತ್ತಾ ರಂಗಕ್ಕೆ ಬಂದಾಗ ಅಮ್ಮನ ಸೆರಗು ಹಿಡಿದಳು, ಆದರೆ ಕಣ್ಣು ಮುಚ್ಚಲಿಲ್ಲ. ‘ಅದು ಆ ಮಾಮ’ ಅಂತ ಪಕ್ಕದವರಿಗೆಲ್ಲ ಹೇಳಿದಳು.

ಚಂಡೆಯಿಂದ ದೂರ, ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕೂರಿ. ಪೂರ್ತಿ ಪ್ರಸಂಗ ನೋಡಿಸುವ ಹಟ ಬೇಡ. ಒಂದು ಒಡ್ಡೋಲಗ (ಪಾತ್ರಗಳ ಮೊದಲ ಪ್ರವೇಶ), ಒಂದು ಯುದ್ಧ, ನಿದ್ದೆ ಬಂದರೆ ಮನೆಗೆ. ಪ್ರಸಂಗದ ಕಥೆಯನ್ನು ಮಾತ್ರ ಆ ವಾರವಿಡೀ ಮಲಗುವಾಗ ಹೇಳಿರಬೇಕು. ಯಾರು ಯಾರ ಜೊತೆ ಯಾಕೆ ಜಗಳ ಆಡುತ್ತಿದ್ದಾರೆ ಅಂತ ಗೊತ್ತಿದ್ದರೆ ವೇಷದವರ ಮಾತು, ಅಂದರೆ ಅರ್ಥಗಾರಿಕೆ, ಅರ್ಧ ತಿಳಿಯದಿದ್ದರೂ ಮಗು ಕೂರುತ್ತದೆ.

ಬೇಡ ಅಂದರೆ

ಅಳುತ್ತದೆ, ಕಾಲು ಹಿಂದೆ ಎಳೆಯುತ್ತದೆ, ‘ಮನೆಗೆ ಹೋಗೋಣ’ ಅನ್ನುತ್ತದೆ. ಆಗ ‘ಟಿವಿಯಲ್ಲಿ ಆ ಹುಡುಗ ಹೆದರಿದನಾ ನೋಡು’ ಅಂತ ಮಾತ್ರ ಹೇಳಬೇಡಿ. ಆ ಒಂದು ಮಾತಿನಿಂದ ಸರಣಿಯ ಮಗು ಗೆಳೆಯ ಆಗಿದ್ದವನು ಎದುರಾಳಿ ಆಗಿಬಿಡುತ್ತಾನೆ. ಚಾಕ್ಲೆಟ್ ಆಸೆಯನ್ನೂ ತೋರಿಸಬೇಡಿ. ಅರ್ಧಕ್ಕೆ ಇಳಿಸಿ. ದೋಣಿ ಹತ್ತಲ್ಲ ಅಂದರೆ ಜೆಟ್ಟಿ ಮೇಲೆ ನಿಂತು ಬೇರೆಯವರು ಹತ್ತುವುದನ್ನು ನೋಡಿ ಬನ್ನಿ. ಹೇರ್‌ಕಟ್ ಬೇಡ ಅಂದರೆ ಅಪ್ಪನಿಗೆ ಕಟಿಂಗ್ ಮಾಡುವುದನ್ನು ಪಕ್ಕದ ಕುರ್ಚಿಯಲ್ಲಿ ಕೂತು ನೋಡಲಿ. ಇಂಜೆಕ್ಷನ್ ವಿಷಯದಲ್ಲಿ ಅರ್ಧ ಅನ್ನುವುದಿಲ್ಲ, ಅಲ್ಲಿ ನಿಜ ಹೇಳಿ. ‘ಚುಚ್ಚುತ್ತಾರೆ, ನೋವಾಗುತ್ತೆ, ಹತ್ತು ಎಣಿಸುವಷ್ಟರಲ್ಲಿ ಕಡಿಮೆ ಆಗುತ್ತೆ, ನಾನು ಕೈ ಹಿಡಿದಿರ್ತೀನಿ.’ ನೋವೇ ಆಗಲ್ಲ ಅಂತ ಒಂದು ಸಲ ಸುಳ್ಳು ಹೇಳಿದರೆ ಮುಂದಿನ ‘ಮೊದಲ ಸಲ’ಕ್ಕೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಮತ್ತೆ, ಮೊಬೈಲ್ ಒಳಗಿಡಿ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಜಪಾನಿನವರು ಕ್ಯಾಮೆರಾ ಅಡಗಿಸಿಡಲು ಅಷ್ಟೊಂದು ಕಷ್ಟ ಪಡುವುದಕ್ಕೆ ಕಾರಣ ಇದೆ. ಕ್ಯಾಮೆರಾ ಕಂಡ ಕೂಡಲೇ ಮಗು ಪಾವ್ ಕೊಳ್ಳುವುದನ್ನು ಬಿಟ್ಟು ಪೋಸು ಕೊಡಲು ಶುರು ಮಾಡುತ್ತದೆ.

ವಿಡಿಯೋ ಬದಲು ರಾತ್ರಿ ಊರಿನ ಅಜ್ಜ ಅಜ್ಜಿಗೆ ಫೋನ್ ಹಚ್ಚಿ ಮಗುವಿನ ಕೈಗೆ ಕೊಡಿ. ‘ಇವತ್ತು ಏನಾಯಿತು ಹೇಳು’ ಅಂತ ನೀವು ಒತ್ತಾಯ ಮಾಡುವುದು ಬೇಡ. ಅಜ್ಜಿಗೆ ಮೊದಲೇ ಒಂದು ಸುಳಿವು ಕೊಟ್ಟಿರಿ, ಅವರೇ ಕೇಳುತ್ತಾರೆ. ಮಗು ಹಿಂದು ಮುಂದು ಮಾಡಿ ಹೇಳಿದರೆ ನಡುವೆ ಬಾಯಿ ಹಾಕಿ ತಿದ್ದಬೇಡಿ. ಟ್ರೇನು ಸಮುದ್ರದಲ್ಲಿ ಹೋಯಿತು ಅಂದರೂ ಹೋಗಲಿ ಬಿಡಿ. ಸರಣಿಯಲ್ಲಿ ಕಂಡದ್ದು, ತಾನು ಮಾಡಿದ್ದು ಎರಡನ್ನೂ ಮಗು ಕನ್ನಡದ ಮಾತಿನಲ್ಲಿ ಜೋಡಿಸಿಕೊಳ್ಳುವುದು ಅಲ್ಲೇ.

ಮುಂದಿನ ವಾರ ಹೊಸದನ್ನು ಹುಡುಕುವ ಆತುರ ಬೇಡ. ಅದನ್ನೇ ಎರಡನೇ ಸಲ ಮಾಡಿ. ಅದೇ ಅಂಗಡಿ, ಅದೇ ಸ್ಟೇಷನ್. ಈ ಸಲ ಚೀಲ ಎಲ್ಲಿದೆ, ಎಷ್ಟು ದುಡ್ಡು ಬೇಕು, ಯಾವ ಪ್ಲಾಟ್‌ಫಾರ್ಮಿಗೆ ಹೋಗಬೇಕು ಅಂತ ನೀವು ಹೇಳಬೇಡಿ, ಮಗುವನ್ನೇ ಕೇಳಿ. ತಪ್ಪು ಪ್ಲಾಟ್‌ಫಾರ್ಮಿಗೆ ಕರೆದುಕೊಂಡು ಹೋದರೆ ಹೋಗಿ ನಿಂತು, ಇಂಡಿಕೇಟರ್ ಮತ್ತೊಮ್ಮೆ ನೋಡಲು ಹೇಳಿ. ಒಂದು ಟ್ರೇನು ತಪ್ಪಿದರೆ ಐದು ನಿಮಿಷದಲ್ಲಿ ಇನ್ನೊಂದು ಬರುತ್ತದೆ.